ಮಿಲಿಟರಿ ಬರುವ ತನಕ

"ಗೋಡೌನ್ ಕ್ಯಾಮೆರಾ ಕೆಟ್ಟು ಮೂರು ತಿಂಗಳಾಯ್ತು ಚೆಲುವಯ್ಯನೋರೇ," ಎಂದ ಷಣ್ಮುಖಪ್ಪ.

ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಂಗಳಗೌರಿ ಬೆಚ್ಚಿದಳು. ಕೆಟ್ಟಿರಲಿಲ್ಲ. ನಡುಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನ ಹಿಂದೆ, ಅದು ಕಂಡದ್ದನ್ನೆಲ್ಲ ತುಂಬಿಡುವ ಪೆಟ್ಟಿಗೆಯ ಹಸಿರು ದೀಪ ಮಿಟುಕುತ್ತಲೇ ಇತ್ತು.

ಅವಳ ತಮ್ಮ ರೇಣುಕಾಪ್ರಸಾದನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಬೆಟ್ಟದಪುರ ರಸ್ತೆಯಲ್ಲಿ, ಇನ್ನೂ ಬೆಳಕಿರುವಾಗಲೇ, ಬೈಕಿನಲ್ಲಿ ಬಂದ ಇಬ್ಬರು ಮಚ್ಚಿನಿಂದ ಕೊಚ್ಚಿ ಹೋಗಿದ್ದರು.

"ಆ ಬೈಕು ಅವತ್ತು ಮಧ್ಯಾಹ್ನ ನಿಮ್ಮ ತಂಬಾಕು ಗೋಡೌನ್ ಮುಂದೆ ನಿಂತಿತ್ತಂತೆ," ಎಂದ ಹೆಡ್ ಕಾನ್‌ಸ್ಟೆಬಲ್ ಚೆಲುವಯ್ಯ. "ಯಾರೋ ಅವರ ಜೊತೆ ಮಾತಾಡ್ತಿದ್ರಂತೆ. ಆ ಯಾರೋ ಯಾರು ಅಂತ ಗೊತ್ತಾದ್ರೆ ಸಾಕು. ಗೌರಕ್ಕ, ನೀವೇನಾದ್ರೂ ನೋಡಿದ್ರಾ?"

ಗಂಡನ ಮುಖ ನೋಡಿ ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.

ಪೊಲೀಸರ ಜೀಪು ತಿರುವು ದಾಟಿದ ಮೇಲೆ ಷಣ್ಮುಖಪ್ಪ ದನಿ ತಗ್ಗಿಸಿದ. "ಕ್ಯಾಮೆರಾ ಕ್ಯಾಮೆರಾ ಅಂತ ಅವನ್ಯಾಕೆ ಅಷ್ಟು ಬಾಯಿ ಬಿಡ್ತಾನೆ? ಕೊಟ್ರೆ ಸಂಜೆಗೆ ರೌಡಿಗಳ ಕೈ ಸೇರ್ತದೆ. ಆಮೇಲೆ ನಿನ್ನೂ ಬುಡಲ್ಲ ಕಣೇ ಅವರು. ಮಿಲಿಟರಿ ಕರೆಸ್ತೀನಿ. ಅವರ ಕೈಗೇ ಕೊಡೋಣ."

"ಹಂಗಾದ್ರೆ ಪ್ಲಗ್ ಕಿತ್ತು ಬೀರುವಿನಲ್ಲಿ ಇಡ್ಲೇನ್ರೀ?"

"ಅಯ್ಯೋ, ಮುಟ್ಬೇಡ! ಆರಿಸಿದ್ರೆ ಒಳಗಿರೋದೆಲ್ಲ ಹೋಯ್ತದೆ."

ಮರುದಿನವೇ ಪಿರಿಯಾಪಟ್ಟಣಕ್ಕೆ ಹೋಗಿ ಹೊಸ ಬ್ಯಾಟರಿ ತಂದ. ಕರೆಂಟು ಹೋದರೂ ಪೆಟ್ಟಿಗೆ ನಿಲ್ಲದಂತೆ ತಾನೇ ಅಟ್ಟ ಹತ್ತಿ ಜೋಡಿಸಿದ. ತಮ್ಮನ ಮೇಲೆ ಇವರಿಗೆ ಇಷ್ಟು ಪ್ರೀತಿಯಿತ್ತೇ ಎಂದು ಮಂಗಳಗೌರಿಯ ಕಣ್ಣು ತುಂಬಿತು.

ಅಪ್ಪನ ಗದ್ದೆಯನ್ನು ಸೈಟು ಮಾಡಲು ಬಿಡುವುದಿಲ್ಲವೆಂದು ಭಾವನೊಡನೆ ಕೂಗಾಡಿ, ಮರುದಿನ ಏನೂ ಆಗದವನಂತೆ ಉಪ್ಪಿಟ್ಟು ತಿನ್ನಲು ಬರುತ್ತಿದ್ದ ತಮ್ಮ. ಕ್ಯಾಮೆರಾ ಕೂರಿಸಿದವನೂ ಅವನೇ. ಕೆಳಗೆ ಏಣಿ ಹಿಡಿದುಕೊಂಡಿದ್ದ ಭಾವನಿಗೆ ಮೇಲಿಂದಲೇ ಎಲ್ಲ ವಿವರಿಸಿದ್ದ. ಪಾಸ್‌ವರ್ಡ್ ಮಾತ್ರ ಅಕ್ಕನಿಗೆ ಹೇಳಿದ್ದ. ಆದರೆ ಅದನ್ನು ತೆರೆದು ಆ ಬೈಕನ್ನು ಕಣ್ಣಾರೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ವಾರದೊಳಗೆ ಗೋಡೌನಿನ ಮೇಲೆ ಬ್ಯಾನರ್ ಬಂತು: ಪೊಲೀಸ್ ಸಾಕು, ಮಿಲಿಟರಿ ಬೇಕು. ಅರಳಿಕಟ್ಟೆಯಲ್ಲಿ ಸಭೆ ಸೇರಿತು.

"ಷಣ್ಮುಖಪ್ಪ, ಮಿಲಿಟ್ರಿ ಅಂದ್ರೆ ಬೋರ್‌ವೆಲ್ ಲಾರಿ ಅಲ್ಲ ಕಣಯ್ಯ, ಫೋನ್ ಮಾಡಿದ್ರೆ ಬರಕ್ಕೆ," ಎಂದ ನಿವೃತ್ತ ಹವಾಲ್ದಾರ್ ನಂಜಣ್ಣ. ಜನ ನಕ್ಕರು. "ನಮಗೆ ಕಲಿಸಿದ್ದು ಎದುರಿಗಿರೋ ಶತ್ರುನ ಹೊಡೆಯೋದು. ಊರೊಳಗೆ ಕೊಂದೋನ ಹುಡುಕೋಕೆ ಊರಿನ ಪೊಲೀಸ್ನೋನೇ ಆಗ್ಬೇಕು. ಅವನಿಗೆ ಎಲ್ಲಾರ ಮನೆ ಜಗಳಾನೂ ಗೊತ್ತಿರ್ತದೆ."

"ಅದಕ್ಕೇ ಕಣಪ್ಪ ಅವರು ಬೇಡ ಅಂತಿರೋದು!" ಷಣ್ಮುಖಪ್ಪ ಎದ್ದು ನಿಂತ. "ನನ್ನ ಬಾಮೈದ ಕಣ್ರಪ್ಪ ಸತ್ತಿರೋದು!"

ಚಪ್ಪಾಳೆ ಬಿತ್ತು.

ಚೆಲುವಯ್ಯ ಮತ್ತೆರಡು ಸಲ ಬಂದ. ಎರಡು ಸಲವೂ ಮಂಗಳಗೌರಿ, ಕ್ಯಾಮೆರಾ ಕೆಟ್ಟಿದೆ ಎಂದಳು. ಅವನು ಅಟ್ಟದತ್ತ ಕಣ್ಣೆತ್ತಿದಾಗ ಅವಳು ಕಾಫಿ ತರಲು ಒಳಗೆ ಹೋದಳು. ಅವನು ಹೋದ ಮೇಲೆ ಹಸಿರು ದೀಪ ನೋಡಿ ಸಮಾಧಾನಪಟ್ಟಳು. ತಮ್ಮನ ನ್ಯಾಯ ಅಲ್ಲಿ ಭದ್ರವಾಗಿದೆ.

ತಮ್ಮ ಸತ್ತ ಮೂವತ್ತೊಂದನೆಯ ದಿನ ಷಣ್ಮುಖಪ್ಪ ಹುಣಸೂರಿನ ಸರ್ಕಾರಿ ಕಚೇರಿಗೆ ಮಿಲಿಟರಿಗಾಗಿ ಮನವಿ ಕೊಟ್ಟು ಮಧ್ಯಾಹ್ನದೊಳಗೆ ಮರಳಿದ. ಕೈಕಾಲು ತೊಳೆದು ನೆಮ್ಮದಿಯಾಗಿ ಊಟಕ್ಕೆ ಕೂತ.

"ಕೊಲೆ ಕೇಸಿಗೆಲ್ಲ ಮಿಲಿಟರಿ ಬರಲ್ವಂತೆ ಗೌರಿ. ಇನ್ನೇನ್ ಮಾಡೋದು, ಚೆಲುವಯ್ಯನಿಗೇ ಕೊಟ್ಬುಡೋಣ. ನಾನೇ ಫೋನ್ ಮಾಡ್ತೀನಿ." ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಚೆಲುವಯ್ಯ ಓಡಿ ಬಂದ. ಬೈಯಲಿಲ್ಲ. ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದ. ಮಂಗಳಗೌರಿ ಪಾಸ್‌ವರ್ಡ್ ಒತ್ತಿದಳು. ಅವನು ತಾರೀಖುಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದ. ಪಟ್ಟಿ ನಿಂತುಹೋಯಿತು.

ಅದರಲ್ಲಿದ್ದ ಮೊದಲ ದಿನ, ತಮ್ಮನನ್ನು ಮಣ್ಣು ಮಾಡಿದ ದಿನ. ಅದರ ಹಿಂದಿನ ದಿನ, ಕೊಲೆಯಾದ ದಿನ, ಇರಲಿಲ್ಲ.

"ಥತ್! ಮೂವತ್ತೇ ದಿನ ಇದ್ರಲ್ಲಿ ನಿಲ್ಲೋದು," ಎಂದ ಚೆಲುವಯ್ಯ. "ಓಡ್ತಾ ಇದ್ದಂಗೆಲ್ಲ ಹಳೇದನ್ನ ತಾನೇ ಅಳಿಸ್ಕೊಂಡು ಹೋಯ್ತದೆ. ಅವತ್ತೇ ಪ್ಲಗ್ ಕಿತ್ತು ಬೀರುವಲ್ಲಿ ಮಡಗಿದ್ರೆ ಎಲ್ಲಾ ಉಳೀತಿತ್ತು ಕಣಕ್ಕ. ಕ್ಯಾಮೆರಾ ಹಾಕಿದೋನು ಇಷ್ಟೂ ಹೇಳಿರ್ಲಿಲ್ವಾ?"

ಮಂಗಳಗೌರಿ ಅಟ್ಟದ ಮೇಲಿನ ಹೊಸ ಬ್ಯಾಟರಿಯನ್ನು ನೋಡಿದಳು. ಆಮೇಲೆ ಗಂಡನನ್ನು.

"ಹೇಳಿದ್ದ ಕಣಣ್ಣ," ಎಂದಳು. "ಏಣಿ ಹಿಡ್ಕೊಂಡಿದ್ದೋರಿಗೆ."