ಕಾಡಿಗೆ ಕಣ್ಣಿನವನ ಹೊಸ ಹಾಡು

ಸೊಪ್ಪು ಹಾಕುತ್ತಿದ್ದ ಕೈ ನಿಲ್ಲಿಸಿ, ಹರಿಕೃಷ್ಣ ರೇಷ್ಮೆ ಹುಳದ ತಟ್ಟೆಯ ಪಕ್ಕ ಒರಗಿಸಿಟ್ಟಿದ್ದ ಹೆಂಡತಿಯ ಮೊಬೈಲನ್ನು ಕೆಕ್ಕರಿಸಿ ನೋಡಿದ. ಬೆಳಗ್ಗಿನಿಂದ ಅದೇ ಹಾಡು, ಏಳನೇ ಸಲ.

"ಇನ್ನೂ ಸಾಕಾಗ್ಲಿಲ್ವೇನೇ?"

"ನಿಮಗೇನ್ರೀ ಕಷ್ಟ? ಹುಳಾನೇ ಸುಮ್ನೆ ಕೇಳ್ಕೊಂಡು ಮೇಯ್ತಾವೆ," ಎಂದಳು ಯಾಮಿನಿ.

ಹಾಡುತ್ತಿದ್ದವನು ನಿಶಿ. ಹದಿನಾಲ್ಕು ವರ್ಷದ ಹಿಂದೆ ಚಿಕ್ಕಬಳ್ಳಾಪುರದ ಕಾಲೇಜು ಹುಡುಗರ 'ಒಂಟಿಗೂಡು' ಎಂಬ ಎಮೋ, ಅಂದರೆ ಅಳುಹಾಡಿನ, ಬ್ಯಾಂಡಿನಲ್ಲಿ, ಒಂದು ಕಣ್ಣಿನ ಮೇಲೆ ಕೂದಲು ಇಳಿಬಿಟ್ಟು, ಇನ್ನೊಂದಕ್ಕೆ ಕಾಡಿಗೆ ಮೆತ್ತಿಕೊಂಡು ಗೋಳಾಡುತ್ತ ಹಾಡಿದವನು. ಆಗ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಹುಡುಗ ಹುಡುಗಿಯರು ಕರಿ ಅಂಗಿ ತೊಟ್ಟು ಅತ್ತಿದ್ದೇ ಅತ್ತಿದ್ದು. ಆಮೇಲೆ ಗಾಳಿ ತಿರುಗಿತು. ಅಳುವ ಹಾಡು ಯಾರಿಗೂ ಬೇಡವಾಯಿತು. ಬ್ಯಾಂಡೂ ಹೋಯಿತು, ನಿಶಿಯೂ ಹೋದ. ಈಗ ಇದ್ದಕ್ಕಿದ್ದಂತೆ ಒಂದೇ ಒಂದು ಹೊಸ ಹಾಡು. ಮುಖವಿಲ್ಲ, ಬರೀ ದನಿ. ಇದುವರೆಗೆ ಮುನ್ನೂರು ಸಲ ಕೇಳಿದ್ದಾರಂತೆ; ಅದರಲ್ಲಿ ಇನ್ನೂರು ಸಲ ಯಾಮಿನಿಯೇ.

ಹರಿಕೃಷ್ಣ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಒಗೆದ. ಒಂಬತ್ತು ವರ್ಷ ಸಂಸಾರ ಮಾಡಿದವನು ತಾನು. ಸಾರಿಗೆ ಉಪ್ಪು ಹೆಚ್ಚಾದರೂ ತುಟಿ ಪಿಟಕ್ಕೆನ್ನದೆ ಉಂಡವನು ತಾನು. ಅವಳ ಕಣ್ಣಲ್ಲಿ ನೀರು ತರಿಸುವುದು ಮಾತ್ರ ಆ ಕಾಡಿಗೆ ಕಣ್ಣಿನವನು!

ನಿಶ್ಚಿತಾರ್ಥದ ದಿನ ಮಾವ ವೆಂಕಟರಾಮಪ್ಪ ಪಕ್ಕಕ್ಕೆ ಕರೆದು ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. "ನನ್ ಮಗಳಿಗೆ ಆ ಕಾಡಿಗೆ ಬಳ್ಕೊಳ್ಳೋ ಹಾಡುಗಾರನ ಹುಚ್ಚಿತ್ತು ಕಣಪ್ಪ. ಅಂಥೋನು ನನ್ನ ಹೊಸಿಲು ತುಳಿದಿದ್ರೆ ಕಾಲು ಮುರೀತಿದ್ದೆ. ನೀನು ಗಂಭೀರದೋನು, ಅದಕ್ಕೇ ಕೊಡ್ತಿದೀನಿ."

ಅವತ್ತು ತಲೆಯಾಡಿಸಿದವನು ಮತ್ತೆಂದೂ ಆ ಮಾತು ಎತ್ತಿರಲಿಲ್ಲ.

"ಈ ಸಾಲು ಕೇಳ್ರೀ," ಎಂದಳು ಯಾಮಿನಿ. "'ಉಣ್ಣದೆ ತಲೆಯೆತ್ತಿ ಮಲಗಿರುವೆ, ಹಳೆಯ ಚರ್ಮ ಬಿರಿಯಲೆಂದು.' ಪೊರೆ ಬಿಡೋ ಮುಂಚೆ ನಮ್ ಹುಳ ಹಿಂಗೇ ಅಲ್ವಾ ಮಲಗೋದು? ಪೇಟೆಯವನಿಗೆ ಹೆಂಗೆ ಗೊತ್ತಾಯ್ತು?"

ಹರಿಕೃಷ್ಣನಿಗೆ ಕೆಮ್ಮು ಬಂತು. "ಯಾರೋ ಹೇಳಿರ್ತಾರೆ ಬಿಡು."

"ಗಂಟಲು ಇನ್ನೂ ಸರಿಹೋಗಿಲ್ವಾ? ಹೋದ ತಿಂಗಳು ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದಾಗಿಂದ ಹಿಂಗೇ."

"ಹುಳಕ್ಕೆ ಉದುರಿಸೋ ಸುಣ್ಣದ ಧೂಳು ಕಣೇ."

"ಹೂಂ. ಅವನು ಮನಸಲ್ಲಿರೋದನ್ನ ಹೇಳ್ತಾನೆ. ನೀವು ಸಾರಿಗೆ ಉಪ್ಪು ಜಾಸ್ತಿ ಅಂತಾನೂ ಹೇಳಲ್ಲ."

"ಹಂಗಾದ್ರೆ ಅವನ ಜೊತೇಲೇ ಹೋಗಿ ಬಾಳು!"

ಬಾಯಿ ಜಾರಿತ್ತು. ಯಾಮಿನಿ ಮನೆಯೊಳಗೆ ಹೋದಳು. ಹೊರಬಂದಾಗ ಕೈಯಲ್ಲಿ ಸ್ಟಾಂಪು ಅಂಟಿಸಿದ ಲಕೋಟೆ.

"ಕಾಲೇಜಲ್ಲಿದ್ದಾಗ ಅವನಿಗೆ ಬರೆದಿದ್ದ ಕಾಗದ. ವಿಳಾಸ ಗೊತ್ತಿರಲಿಲ್ಲ, ಹಂಗೇ ಉಳೀತು. ಈಗ ಗೊತ್ತಾಯ್ತು. ಶಿಡ್ಲಘಟ್ಟಕ್ಕೆ ಹೊರಟಿದ್ದೀರಲ್ಲ, ಡಬ್ಬಿಗೆ ಹಾಕ್ಬಿಡಿ."

"ನನ್ ಕೈಲೇ ಹಾಕಿಸ್ತೀಯಾ?"

"ನಿಮ್ ಕೈಲಿ ಹಾಕ್ಸಿದ್ರೇನೇ ಸರಿ."

ಅವನು ಅದರ ಮುಖವನ್ನೂ ನೋಡದೆ ಜೇಬಿಗೆ ತುರುಕಿ ಬೈಕು ಹತ್ತಿದ. ದಾರಿಯುದ್ದಕ್ಕೂ ಅದೇ ಲೆಕ್ಕ. ಹಾಕಿದರೆ ಅವಳ ಮನಸ್ಸು ಪೂರ್ತಿ ಆ ಕಡೆಗೇ. ಹಾಕದಿದ್ದರೆ ತಾನು ಕಳ್ಳ. ಕಾಡಿಗೆಯ ಆ ಮುಖದ ಮುಂದೆ ಈ ಮುಖಕ್ಕೆ ಏನು ಬೆಲೆ?

ಅಂಚೆ ಕಚೇರಿಯ ಮುಂದೆ ಹೆಲ್ಮೆಟ್ ತೆಗೆದು ಬೋಳು ನೆತ್ತಿ ಒರೆಸಿಕೊಂಡ. ಹರಿದು ಚರಂಡಿಗೆ ಎಸೆಯುವುದೇ ಸರಿಯೆಂದು ಲಕೋಟೆ ಹೊರತೆಗೆದ. ಆಗ ವಿಳಾಸ ಕಣ್ಣಿಗೆ ಬಿತ್ತು. ಇನ್ನೊಮ್ಮೆ ಓದಿದ. ಮುದುಡಿದ್ದ ಅಂಚನ್ನು ಹೆಬ್ಬೆರಳಲ್ಲಿ ಸವರಿ, ಕಾಗದವನ್ನು ಡಬ್ಬಿಯೊಳಗೆ ಬಿಟ್ಟ.

'ಶ್ರೀ ಹರಿಕೃಷ್ಣ ಉರುಫ್ ನಿಶಿ, ಹುಳದ ಮನೆ, ದಿಬ್ಬೂರಹಳ್ಳಿ' ಎಂದು ಬರೆದಿದ್ದಳು ಯಾಮಿನಿ.