ಅಂಬರಾಯನ ಹಲ್ಲು

"ಇಷ್ಟು ಮಂದ್ಯಾಗ ನನ್ನ ಮಗ ಯಾರಪಾ?"

ಶವಾಗಾರದ ಬಾಗಿಲಲ್ಲಿ ನಿಂತು ಸಾಯಬಣ್ಣ ಕೇಳಿದ್ದು ಯಾರನ್ನೂ ಅಲ್ಲ. ಕಲ್ಲುಗಣಿ ಕುಸಿದು ಸತ್ತವರು ಸಾಲಾಗಿ ಮಲಗಿದ್ದರು, ಎಲ್ಲರಿಗೂ ಒಂದೇ ಮುಖ. ಕೆಲವು ವರ್ಷಗಳ ಹಿಂದೆ ಬಂದ ಒಂದು ಜ್ವರ ಊರವರ ಮುಖಗಳನ್ನೆಲ್ಲ ಒಂದೇ ಅಚ್ಚಿಗೆ ಹೊಯ್ದು ಹೋಗಿತ್ತು; ಬದುಕಿದ್ದವರಿಗೂ ಅದೇ ಮುಖ. ಗುರುತು ಉಳಿದದ್ದು ಹಲ್ಲಿನಲ್ಲಿ ಮಾತ್ರ. ಲಗ್ನದ ಮಾತಿಗೆ ಬಂದವರೂ ಮೊದಲು ಹಲ್ಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಆಮೇಲೆ ಚಹಾ.

ಡಾಕ್ಟರ್ ನಸೀಮಾ ಅವನು ತಂದ ಮಗನ ಹಲ್ಲಿನ ಫಿಲ್ಮನ್ನು ಒಂದೊಂದು ಹೆಣದ ಫಿಲ್ಮಿನ ಪಕ್ಕದಲ್ಲೂ ಇಟ್ಟು ನೋಡಿದಳು.

"ಯಾವ್ದೂ ಹೊಂದವಲ್ದು ಕಾಕಾ. ನಿಮ್ಮ ಸಿದ್ರಾಮ ಎಲ್ಲೋ ಬದುಕ್ಯಾನ, ಖುಷಿಪಡ್ರಿ."

ಮುದುಕ ಫಿಲ್ಮಿನ ಮೇಲೆ ಕೈಯಿಟ್ಟ. "ಅದು ಅವನ್ದಲ್ಲವ್ವಾ. ಅವನ ಹಲ್ಲು ಸೊಟ್ಟ. ಹೆಣ್ಣಿನ ಕಡೇರು ಒಲ್ಲೆ ಅಂತಾರಂತ ಬಾಜೂ ಮನಿ ಅಂಬರಾಯನ್ನ ಕೂಡ್ಸಿ, ಇವನ ಹೆಸರ್ಲೆ ಎಕ್ಸ್‌ರೇ ತೆಗಿಸಿದ್ವಿ."

"ಛಲೋ ಮಾಡಿದ್ರಿ! ಹುಡುಗಿಗೆ ತಿಳಿಲಿಲ್ಲೇನು?"

"ಲಗ್ನದ ದಿನಾನೇ ತಿಳೀತು. ನಕ್ಕು ಸುಮ್ಮನಾದ್ಳು."

ಗುರುತು ಸಿಗದವರನ್ನು ಸಂಜೆ ಒಂದೇ ಗುಂಡಿಗಿಳಿಸಿ ಸುಣ್ಣ ಸುರಿಯುತ್ತಿದ್ದರು. ಸಾಯಬಣ್ಣ ಬೆರಳಿನಿಂದ ಕಿಟಕಿ ಪಕ್ಕದ ಹೆಣದ ತುಟಿ ಸರಿಸಿದ. ಮುಂದಿನ ಹಲ್ಲೆರಡು ಒಂದರ ಮೇಲೊಂದು ಏರಿದ್ದವು. ಸಿದ್ರಾಮ ದೇವರ ಪದ ಹೇಳುವಾಗ ಉಸಿರು ಸೋರುತ್ತಿದ್ದದ್ದು ಇಂಥದೇ ಸಂದಿಯಿಂದ.

"ಇವನೇ ಅವ್ವಾ. ಹಡೆದಪ್ಪ ಹೇಳಾಕತ್ತೀನಿ. ಕೊಡು, ನಾನೇ ಮಣ್ಣು ಮಾಡ್ತೀನಿ."

"ಮುಂಜಾನೆ ಒಬ್ಬಾಕಿ ಬಂದು ಇದೇ ಹೆಣಾ ಹಿಡ್ಕೊಂಡು, ಹಿಂಗೇ ನನ್ನ ಮಗಾ ಅಂತ ಅತ್ತಾಳ ಕಾಕಾ. ಆಕಿನೂ ಹಡೆದಾಕಿನೇ." ನಸೀಮಾ ಬಟ್ಟೆ ಎಳೆದು ಆ ಮುಖವನ್ನು ಮುಚ್ಚಿದಳು. "ಫಿಲ್ಮು ಹೊಂದಲಾರದ ಹೆಣಾ ನಾ ಯಾರಿಗೂ ಕೊಡಂಗಿಲ್ಲ."