ಹಿಂದಿನ ಗೇಟು

ಪಾಪಣ್ಣನ ಮೆಚ್ಚಿನ ಫುಟ್‌ಬಾಲ್ ತಂಡ ಪರಊರಿಗೆ ಹೋದಾಗೆಲ್ಲ ಗೆದ್ದು ಬರುತ್ತಿತ್ತು. ತವರಿನ ಮೈದಾನದಲ್ಲಿ ಮಾತ್ರ ಸತತ ಆರು ಸೋಲು. ಆ ಆರಕ್ಕೂ ಅವನು ತಪ್ಪದೆ ಹಾಜರಿದ್ದ. ತನ್ನ ಕಾಲ್ಗುಣವೇ ಸರಿಯಿಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು. ಇಂದು ಸೋತರೆ ತಂಡ ಲೀಗಿನಿಂದಲೇ ಹೊರಗೆ. ಟಿಕೆಟ್ ಕೈಯಲ್ಲಿದ್ದರೂ ಅವನು ಹಿಂದಿನ ಗೇಟಿನ ಆಚೆಯೇ ನಿಂತ.

"ಎಷ್ಟಣ್ಣಾ ಸ್ಕೋರು?"

"ಇನ್ನೂ ಸೊನ್ನೆ-ಸೊನ್ನೆ. ಎರಡೇ ನಿಮಿಷ ಇರೋದು, ಒಳಗೆ ಹೋಗಪ್ಪ," ಎಂದ ಗೇಟಿನವನು.

"ಬ್ಯಾಡಣ್ಣ. ನಾನು ಕಾಲಿಟ್ರೆ ಕೆಟ್ಟೋಗುತ್ತೆ."

ಒಳಗಿನಿಂದ ಹೋ ಎಂದು ಕೂಗೆದ್ದಿತು. ಪಾಪಣ್ಣನ ಕಣ್ಣು ತುಂಬಿ ಬಂತು.

"ನೋಡಿದ್ರಾ ಅಣ್ಣ? ನಾನು ಬರ್ದೇ ಇದ್ದಿದ್ದಕ್ಕೇ ಗೋಲು ಬಿತ್ತು!"

"ಕೂಗಿದ್ದು ಎದುರು ಟೀಮಿನೋರು ಕಣಪ್ಪ. ನಮ್ಮೋರೆಲ್ಲ ನಿನ್ನಂಗೇ ಕಾಲ್ಗುಣ ಸರಿಯಿಲ್ಲ ಅಂತ ಮಿಕ್ಕ ಮೂರು ಗೇಟಿನಾಚೆ ನಿಂತವ್ರೆ."